ಬಯಲು ಮಾಡಿದ್ದು ಕಂಡಿತು, ಪರೀಕ್ಷೆ ಕಟ್ಟಿದ್ದು ಕಾಣಲಿಲ್ಲ

ಮಾನ್ಯ ಸಂಪಾದಕರೇ,

ಪವಾಡದ ಹೆಸರಿನ ಮೋಸಗಳನ್ನು ಬಯಲು ಮಾಡುತ್ತಿದ್ದ ಜಾದೂಗಾರ ಜೇಮ್ಸ್ ರ‍್ಯಾಂಡಿ ಕುರಿತ ‘ಆ್ಯನ್ ಆನೆಸ್ಟ್ ಲೈಯರ್’ ಸಾಕ್ಷ್ಯಚಿತ್ರ ತೆರೆಗೆ ಬಂದದ್ದು 2014ರಲ್ಲಿ. ರ‍್ಯಾಂಡಿ 2020ರ ಅಕ್ಟೋಬರಿನಲ್ಲಿ, 92ನೇ ವಯಸ್ಸಿನಲ್ಲಿ ತೀರಿಕೊಂಡರು. ಪವಾಡ, ಅತೀಂದ್ರಿಯ ಶಕ್ತಿ, ಮನಸ್ಸಿನ ಬಲದಿಂದ ಚಮಚ ಬಗ್ಗಿಸುವುದು ಇಂಥ ಚರ್ಚೆ ಎದ್ದಾಗಲೆಲ್ಲ ಇಂದಿಗೂ ಯಾರಾದರೊಬ್ಬರು ಈ ಚಿತ್ರದ ಹೆಸರು ಹೇಳುತ್ತಾರೆ. ಚಿತ್ರ ಚೆನ್ನಾಗಿದೆ, ನೋಡಲೇಬೇಕು. ಆದರೆ ನೋಡಿದವರ ನೆನಪಿನಲ್ಲಿ ಹೆಚ್ಚಾಗಿ ಉಳಿಯುವುದು ಸಿಕ್ಕಿಬಿದ್ದವರ ಪೆಚ್ಚು ಮೋರೆ. ಅವರು ಸಿಕ್ಕಿಬೀಳುವಂಥ ಏರ್ಪಾಟನ್ನು ರ‍್ಯಾಂಡಿ ಹೇಗೆ ಮಾಡಿದರು ಎಂಬುದು ತೆರೆಯ ಮೇಲೆ ಬೇಗ ಸರಿದುಹೋಗುತ್ತದೆ. ಕಲಿಯಬೇಕಾದದ್ದು ಇರುವುದೇ ಅಲ್ಲಿ. ಆ ಭಾಗವನ್ನು ಬಿಡಿಸಿ ಬರೆಯುತ್ತಿದ್ದೇನೆ. ಪತ್ರಿಕೆಗಳ ಮೇಜಿಗೂ ಇಂಥ ಸುದ್ದಿಗಳು ಬರುತ್ತವೆಯಾದ್ದರಿಂದ ಒಂದು ಕೋರಿಕೆಯೂ ಇದೆ.

ಮನಸ್ಸಿನ ಬಲದಿಂದಲೇ ಚಮಚ ಬಗ್ಗಿಸುತ್ತೇನೆ ಎನ್ನುತ್ತಿದ್ದ ಯೂರಿ ಗೆಲ್ಲರ್ 1973ರಲ್ಲಿ ಅಮೆರಿಕದ ಜಾನಿ ಕಾರ್ಸನ್ ಅವರ ಟಿ.ವಿ. ಕಾರ್ಯಕ್ರಮಕ್ಕೆ ಬಂದ ಪ್ರಸಂಗ ಚಿತ್ರದಲ್ಲಿದೆ. ಕಾರ್ಸನ್ ಕೂಡ ಹಿಂದೆ ಜಾದೂ ಮಾಡುತ್ತಿದ್ದವರು. ಕಾರ್ಯಕ್ರಮದ ಸಿಬ್ಬಂದಿಗೆ ರ‍್ಯಾಂಡಿ ಕೊಟ್ಟ ಸಲಹೆ ಎರಡೇ ಮಾತಿನದು. ಚಮಚ, ಡಬ್ಬಿ ಎಲ್ಲವೂ ನಿಮ್ಮವೇ ಆಗಿರಲಿ. ಕಾರ್ಯಕ್ರಮ ಶುರುವಾಗುವ ತನಕ ಗೆಲ್ಲರ್ ಆಗಲಿ, ಅವರ ಕಡೆಯವರಾಗಲಿ ಅವುಗಳ ಹತ್ತಿರ ಸುಳಿಯದಿರಲಿ. ಅಷ್ಟಕ್ಕೇ ಕ್ಯಾಮೆರಾ ಮುಂದೆ 20 ನಿಮಿಷಕ್ಕೂ ಹೆಚ್ಚು ಹೊತ್ತು ಏನೂ ನಡೆಯಲಿಲ್ಲ.

ಇಷ್ಟು ಸಣ್ಣ ಎಚ್ಚರಿಕೆಗೆ ಅಷ್ಟು ಬಲ ಎಲ್ಲಿಂದ ಬಂತು ಎಂದರೆ, ಜಾದೂಗಾರರು ಚಮಚ ಬಗ್ಗಿಸುವ ಬಗೆಯನ್ನು ನೋಡಬೇಕು. ಚಮಚದ ಕತ್ತನ್ನು ಮೊದಲೇ ಹಲವು ಸಲ ಆಚೆಗೂ ಈಚೆಗೂ ಬಗ್ಗಿಸಿ ನೆಟ್ಟಗೆ ಮಾಡಿಟ್ಟರೆ ಲೋಹ ಸೋತು, ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕು ಬಿಡುತ್ತದೆ. ಆಮೇಲೆ ಎರಡು ಬೆರಳ ನಡುವೆ ಹಿಡಿದು ಮೆಲ್ಲಗೆ ಉಜ್ಜಿದರೆ ಮೇಣದಂತೆ ಬಾಗಿ ತುಂಡಾಗುತ್ತದೆ. ಮೊದಲೇ ಕೈಗೆ ಸಿಗದ ಚಮಚವಾದರೆ ದಾರಿ ಬೇರೆ. ನೋಡುವವರ ಗಮನ ಅತ್ತ ಹೋದ ಒಂದು ಗಳಿಗೆಯಲ್ಲಿ ಅದನ್ನು ಕುರ್ಚಿಯ ಅಂಚಿಗೋ ಇನ್ನೊಂದು ಚಮಚಕ್ಕೋ ಒತ್ತಿ ಬಗ್ಗಿಸಬೇಕು, ಬಾಗಿದ ಜಾಗವನ್ನು ಬೆರಳಿಂದ ಮುಚ್ಚಿಕೊಳ್ಳಬೇಕು, ಆಮೇಲೆ ಬೆರಳನ್ನು ನಿಧಾನವಾಗಿ ಹಿಂದಕ್ಕೆ ಸರಿಸುತ್ತ ಹೋಗಬೇಕು. ಎದುರು ಕೂತವರಿಗೆ ಚಮಚ ಆಗತಾನೇ ಬಾಗುತ್ತಿರುವಂತೆ ಕಾಣುತ್ತದೆ. ಮೊದಲನೆಯದಕ್ಕೆ ವಸ್ತು ಮುಂಚಿತವಾಗಿ ಕೈಗೆ ಸಿಗಬೇಕು, ಎರಡನೆಯದಕ್ಕೆ ಗಮನ ತಪ್ಪಿಸಲು ಅವಕಾಶ ಬೇಕು. ಸ್ವಂತ ಚಮಚ ಇಟ್ಟು, ಕಣ್ಣು ಕದಲಿಸದೆ ಕೂತರೆ ಎರಡೂ ಹೋಯಿತು.

ಹಾಗೆಂದು ಅದನ್ನು ಪರೀಕ್ಷೆ ಎಂದು ಕರೆಯಲಾಗದು. ಗೆಲ್ಲರ್ ಏನು ಮಾಡಿ ತೋರಿಸಬೇಕು, ಎಷ್ಟು ಸಲ, ಎಷ್ಟು ಹೊತ್ತಿನಲ್ಲಿ ಎಂಬ ಯಾವ ಒಪ್ಪಂದವೂ ಇರಲಿಲ್ಲ. ಒಪ್ಪಂದವಿಲ್ಲದ ಕಡೆ ಸೋಲಿಗೆ ಸದಾ ಒಂದು ನೆಪ ಸಿಗುತ್ತದೆ: ಇವತ್ತು ಮೈ ಸರಿಯಿಲ್ಲ, ಸುತ್ತ ಕೂತವರ ಅಪನಂಬಿಕೆ ಅಡ್ಡ ಬರುತ್ತಿದೆ. ಕೈಚಳಕವಾಗಿದ್ದರೆ ದಿನವೂ ನಡೆಯಬೇಕಿತ್ತು, ನಡೆಯಲಿಲ್ಲವೆಂದರೆ ಶಕ್ತಿ ನಿಜವೇ ಇರಬೇಕು ಎಂದು ವಾದಿಸುವವರೂ ಇದ್ದಾರೆ. ಗೆಲ್ಲರ್ ಖ್ಯಾತಿಗೆ ಆ ರಾತ್ರಿಯಿಂದ ಧಕ್ಕೆ ಆಗಲಿಲ್ಲ.

ಚಿತ್ರದ ಅತಿ ಬೆಲೆಯುಳ್ಳ ಭಾಗ, ನನ್ನ ದೃಷ್ಟಿಯಲ್ಲಿ, ‘ಪ್ರಾಜೆಕ್ಟ್ ಆಲ್ಫಾ’. 1979ರಲ್ಲಿ ವಿಮಾನ ಉದ್ಯಮಿ ಜೇಮ್ಸ್ ಮೆಕ್‌ಡೊನೆಲ್ ಕೊಟ್ಟ 5 ಲಕ್ಷ ಡಾಲರ್‌ನಿಂದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಅತೀಂದ್ರಿಯ ಸಂಶೋಧನೆಯ ಪ್ರಯೋಗಾಲಯ ಶುರುವಾಯಿತು. ಮುಖ್ಯಸ್ಥರು ಭೌತವಿಜ್ಞಾನಿ ಪೀಟರ್ ಫಿಲಿಪ್ಸ್. ರ‍್ಯಾಂಡಿ ಅವರಿಗೆ ಪತ್ರ ಬರೆದು 11 ಎಚ್ಚರಿಕೆಗಳನ್ನು ಪಟ್ಟಿ ಮಾಡಿ ಕೊಟ್ಟರು. ಒಂದು ಹೊತ್ತಿಗೆ ಒಂದೇ ವಸ್ತು ಕೊಡಿ, ಅದರ ಮೇಲೆ ಅಳಿಸಲಾಗದ ಗುರುತು ಹಾಕಿ, ಪರೀಕ್ಷೆಗೆ ಕೂತವರು ನಡುವೆ ನಿಯಮ ಬದಲಿಸಲು ಬಿಡಬೇಡಿ ಎಂಬ ತರಹದವು. ತಾವೇ ಬಂದು ನೋಡಲೂ ಸಿದ್ಧ ಎಂದರು. ಅದೇ ಹೊತ್ತಿಗೆ ಸ್ಟೀವ್ ಶಾ, ಮೈಕೆಲ್ ಎಡ್ವರ್ಡ್ಸ್ ಎಂಬ ಇಬ್ಬರು ಹದಿಹರೆಯದ ಜಾದೂಗಾರರು ತಮಗೆ ಶಕ್ತಿ ಇದೆ ಎಂದು ಹೇಳಿಕೊಂಡು ಆ ಪ್ರಯೋಗಾಲಯಕ್ಕೆ ಸೇರಿಕೊಂಡರು. ಅವರಿಗೆ ರ‍್ಯಾಂಡಿ ಹಾಕಿದ್ದ ಒಂದು ಕಟ್ಟುಪಾಡು: ನೀವು ಮಾಡುತ್ತಿರುವುದು ಕಣ್ಕಟ್ಟೇ ಎಂದು ಯಾರಾದರೂ ನೇರವಾಗಿ ಕೇಳಿದರೆ ಹೌದು ಎನ್ನಬೇಕು, ಕಳಿಸಿದವರು ಯಾರೆಂದೂ ಹೇಳಬೇಕು.

ಅಲ್ಲಿ ಎಡವಿದ್ದು ದೊಡ್ಡ ಸಿದ್ಧಾಂತದಲ್ಲಲ್ಲ, ದಾರದಲ್ಲಿ. ಚಮಚಗಳಿಗೆ ಸಂಖ್ಯೆ ಬರೆದ ಚೀಟಿಗಳನ್ನು ದಾರದಿಂದ ಕಟ್ಟಿದ್ದರು. ಹಲವು ಚಮಚಗಳನ್ನು ಒಟ್ಟಿಗೆ ಮೇಜಿನ ಮೇಲೆ ಇಟ್ಟಿದ್ದರು. ಹುಡುಗರು ಚೀಟಿ ಅಡ್ಡ ಬರುತ್ತದೆಂದು ಬಿಚ್ಚಿ, ಮತ್ತೆ ಕಟ್ಟುವಾಗ ಅದಲು ಬದಲು ಮಾಡಿದರು. ಒಂದೇ ಅಚ್ಚಿನ ಎರಡು ಚಮಚಗಳೂ ಅಳತೆಯಲ್ಲಿ ಕೂದಲೆಳೆಯಷ್ಟು ಬೇರೆ ಇರುತ್ತವೆ. ಮುಂಚೆ ಅಳೆದದ್ದು ಒಂದು, ಆಮೇಲೆ ಅಳೆದದ್ದು ಇನ್ನೊಂದು. ವ್ಯತ್ಯಾಸ ಕಂಡಾಗ ಮುಟ್ಟದೆಯೇ ಲೋಹ ಬಾಗಿತು ಎಂದು ದಾಖಲಾಯಿತು. ಒಳಗಿರುವ ಚಿತ್ರ ಯಾವುದೆಂದು ಹೇಳಿ ಎಂದು ಮುಚ್ಚಿದ ಲಕೋಟೆಗೆ ಸ್ಟೇಪಲ್ ಪಿನ್ ಹೊಡೆದು ಕೊಟ್ಟರೆ, ಪಿನ್ ಎಬ್ಬಿಸಿ, ಚಿತ್ರ ನೋಡಿ, ಅದೇ ತೂತುಗಳಿಗೆ ಪಿನ್ ತೂರಿಸಿ ಒತ್ತಿಟ್ಟರು. ರಾತ್ರಿಯಿಡೀ ಮುಚ್ಚಿಟ್ಟ ಪೆಟ್ಟಿಗೆಯೊಳಗಿನ ವಸ್ತುಗಳಿಗಾಗಿ ಹಗಲಲ್ಲೇ ಕಿಟಕಿಯ ಚಿಲಕ ತೆಗೆದಿಟ್ಟು ಹೋಗಿ, ರಾತ್ರಿ ಅದರಿಂದಲೇ ಒಳಗೆ ಬಂದರು. ಅಳಿಸಲಾಗದ ಗುರುತು, ಒಂದು ಹೊತ್ತಿಗೆ ಒಂದು ಚಮಚ: ಪಟ್ಟಿಯ ಈ ಎರಡು ಸಾಲುಗಳಷ್ಟನ್ನೇ ಮೊದಲಿನಿಂದ ಪಾಲಿಸಿದ್ದರೂ ಚಮಚದ ಫಲಿತಾಂಶ ಹುಟ್ಟುತ್ತಿರಲಿಲ್ಲ. 1983ರಲ್ಲಿ ರ‍್ಯಾಂಡಿ ಎಲ್ಲವನ್ನೂ ಬಹಿರಂಗಪಡಿಸಿದರು. ಸಂಶೋಧಕರಿಗೆ ಬುದ್ಧಿ ಕಡಿಮೆ ಇತ್ತೆಂದು ಇದರಿಂದ ತೀರ್ಮಾನಿಸುವುದು ತಪ್ಪು. ಅಣುವಾಗಲಿ, ತಂತಿಯಾಗಲಿ ವಿಜ್ಞಾನಿಗೆ ಸುಳ್ಳು ಹೇಳುವುದಿಲ್ಲ. ಬೇಕೆಂದೇ ಕಣ್ತಪ್ಪಿಸುವ ಎದುರಾಳಿಯ ಅಭ್ಯಾಸ ಅವರಿಗಿರುವುದಿಲ್ಲ. ಅದಕ್ಕೇ ಪರೀಕ್ಷೆಯ ಕೋಣೆಯಲ್ಲಿ ಒಬ್ಬ ಜಾದೂಗಾರ ಇರಬೇಕೆಂದು ರ‍್ಯಾಂಡಿ ಹಟ ಹಿಡಿದದ್ದು.

ಇನ್ನು, ಸರಿಯಾದ ಪರೀಕ್ಷೆ ಹೇಗಿರುತ್ತದೆ? ಚಿತ್ರ ಇದನ್ನು ಹೇಳದೆ ಬಿಟ್ಟಿರುವುದು ನಿಜಕ್ಕೂ ಬೇಸರದ ಸಂಗತಿ. ರ‍್ಯಾಂಡಿ 1964ರಲ್ಲಿ 1,000 ಡಾಲರ್‌ನಿಂದ ಶುರು ಮಾಡಿದ ಸವಾಲು 1996ರಲ್ಲಿ 10 ಲಕ್ಷ ಡಾಲರ್‌ಗೆ ಏರಿ, 2015ರವರೆಗೆ ನಡೆಯಿತು. ಸಾವಿರಕ್ಕೂ ಹೆಚ್ಚು ಮಂದಿ ಅರ್ಜಿ ಹಾಕಿದರು, ಪ್ರಾಥಮಿಕ ಹಂತವನ್ನೇ ಯಾರೂ ದಾಟಲಿಲ್ಲ. ಕವೆಗೋಲು ಹಿಡಿದು ನೀರು ಪತ್ತೆ ಮಾಡುತ್ತೇವೆ ಎನ್ನುವವರು ಅಲ್ಲಿಗೆ ತುಂಬ ಬರುತ್ತಿದ್ದರು. ಅದನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ.

ಮೊದಲ ಕೆಲಸ ಹೇಳಿಕೆಯನ್ನು ಕಾಗದಕ್ಕೆ ಇಳಿಸುವುದು. ‘ನನಗೆ ನೀರು ಗೊತ್ತಾಗುತ್ತದೆ’ ಎಂಬುದನ್ನು ಪರೀಕ್ಷಿಸಲಾಗದು. ‘ಮುಚ್ಚಿದ 10 ಬಕೆಟ್‌ಗಳಲ್ಲಿ 5 ಲೀಟರ್ ನೀರಿರುವ ಒಂದನ್ನು ಗುರುತಿಸುತ್ತೇನೆ, 10 ಸುತ್ತಿನಲ್ಲಿ ಕನಿಷ್ಠ 6 ಸಲ, ಸುತ್ತಿಗೆ 15 ನಿಮಿಷ ಸಾಕು’ ಎಂಬುದನ್ನು ಪರೀಕ್ಷಿಸಬಹುದು. ಈ ಅಂಕಿಗಳನ್ನು ಪರೀಕ್ಷಕರು ಹೇರಬಾರದು. ಹೇಳಿಕೊಳ್ಳುವವರ ಬಾಯಿಂದಲೇ ಬರಬೇಕು. ಹೆಚ್ಚಿನವರು ಹತ್ತಕ್ಕೆ ಹತ್ತೂ ಹೇಳುತ್ತೇನೆ ಎನ್ನುತ್ತಾರೆ, ಆಗ ಆರಕ್ಕೆ ಇಳಿಸುವುದು ಅವರಿಗೇ ಅನುಕೂಲ. ನಿಂತ ನೀರು ತಿಳಿಯದು, ಹರಿಯುವ ನೀರು ಮಾತ್ರ ತಿಳಿಯುತ್ತದೆ ಎಂದರೆ ಬಕೆಟ್ ಬಿಟ್ಟು ಪೈಪಿಗೆ ಹೋಗಬೇಕು. 1979ರಲ್ಲಿ ಇಟಲಿಯಲ್ಲಿ ರ‍್ಯಾಂಡಿ ಮಾಡಿದ್ದು ಇದನ್ನೇ. ನೆಲದಡಿ 50 ಸೆಂಟಿಮೀಟರ್ ಆಳದಲ್ಲಿ ಮೂರು ಬೇರೆ ಬೇರೆ ದಾರಿಯ ಪೈಪುಗಳನ್ನು ಹೂಳಿಸಿ, ಪ್ರತಿ ಸಲ ಒಂದರಲ್ಲಿ ನೀರು ಹರಿಸಿ, ಅದು ಹೋಗುವ ದಾರಿಯನ್ನು ಗುರುತಿಸಿ ಎಂದರು. ಯಾರಿಗೂ ಆಗಲಿಲ್ಲ.

ಬಕೆಟ್‌ಗಳು ಒಂದೇ ಬಣ್ಣದವು, ಒಳಗೆ ಕಾಣದಂಥವು, ಮುಚ್ಚಳ ಇರುವಂಥವು ಆಗಿರಬೇಕು. ಒಂದರೊಳಗೆ 5 ಲೀಟರ್ ನೀರಿನ ಕ್ಯಾನ್, ಉಳಿದ ಒಂಬತ್ತರಲ್ಲಿ 5 ಕಿಲೋ ಮರಳಿನ ಕ್ಯಾನ್. ತೂಕ ಒಂದೇ ಆಗದಿದ್ದರೆ ನೆಲದ ಮೇಲಿನ ಅಚ್ಚು, ಎತ್ತಿಟ್ಟವರ ಹೆಜ್ಜೆ, ಮುಚ್ಚಳದ ಸದ್ದು ಎಲ್ಲವೂ ಸುಳಿವು ಕೊಡುತ್ತವೆ. ಎರಡು ಎರಡು ಮೀಟರ್ ಅಂತರದಲ್ಲಿ, ಒಣ ನೆಲದ ಮೇಲೆ ಸಾಲಾಗಿ ಇಡಬೇಕು. ಬಕೆಟ್ ಇಡುವ ಮುಂಚೆ ಖಾಲಿ ನೆಲದ ಮೇಲೆ ಅವರು ಕವೆಗೋಲು ಹಿಡಿದು ಓಡಾಡಲಿ. ಇಲ್ಲಿ ಅಡಿಯಲ್ಲಿ ನೀರಿದೆ ಎಂದು ಹೇಳುವ ಜಾಗಗಳಿದ್ದರೆ ಅವನ್ನು ಬಿಟ್ಟು ಸಾಲು ಹಾಕಬೇಕು.

ಆಮೇಲೆ ಬರುವುದು, ತುಂಬ ಜನ ಹಾರಿಸಿಬಿಡುವ ಹಂತ: ತೆರೆದ ಸುತ್ತು. ನೀರು ಎಲ್ಲಿದೆ ಎಂದು ತೋರಿಸಿಯೇ ಎರಡು ಮೂರು ಸಲ ನಡೆಸಬೇಕು. ಕವೆಗೋಲು ಅಲ್ಲಿ ಚೆನ್ನಾಗಿ ಬಾಗುತ್ತದೆ, ಯಾವಾಗಲೂ ಬಾಗುತ್ತದೆ. ಆಗಲೇ ‘ಜಾಗ ಸರಿಯಿದೆ, ಬಕೆಟ್ ಸರಿಯಿದೆ, ನಾನು ಆರಾಮಾಗಿದ್ದೇನೆ, ಶಕ್ತಿ ಕೆಲಸ ಮಾಡುತ್ತಿದೆ’ ಎಂದು ಬರೆಸಿ ಸಹಿ ಹಾಕಿಸಿಕೊಳ್ಳಬೇಕು. ಈ ಒಂದು ಕಾಗದ ಇಲ್ಲದಿದ್ದರೆ, ಕೊನೆಗೆ ಫಲಿತಾಂಶದ ಜಾಗದಲ್ಲಿ ಉಳಿಯುವುದು ಬರೀ ಜಗಳ.

ಮುಚ್ಚಿದ ಸುತ್ತುಗಳಿಗೆ ಎರಡು ತಂಡ ಬೇಕು. ನೀರನ್ನು ಇಡುವ ತಂಡ 1ರಿಂದ 10ರವರೆಗಿನ ಚೀಟಿ ಎತ್ತಿ ಸ್ಥಾನ ತೀರ್ಮಾನಿಸಬೇಕು. ಮನಸ್ಸಿಗೆ ತೋಚಿದ ಸಂಖ್ಯೆ ಆರಿಸಿದರೆ ಕೆಡುತ್ತದೆ, ಏಕೆಂದರೆ ಮನುಷ್ಯರು ಹಿಂದಿನ ಸಂಖ್ಯೆಯನ್ನು ಮತ್ತೆ ಆರಿಸುವುದಿಲ್ಲ, ಸಾಲಿನ ತುದಿಗಳನ್ನೂ ತಪ್ಪಿಸುತ್ತಾರೆ, ಇದನ್ನು ಊಹಿಸುವುದು ಸುಲಭ. ಎತ್ತಿದ ಚೀಟಿಯನ್ನು ಪ್ರತಿ ಸುತ್ತಿಗೂ ವಾಪಸು ಹಾಕಬೇಕು. ಅದೇ ಸಂಖ್ಯೆ ಮತ್ತೆ ಬಂದರೂ ಹತ್ತೂ ಬಕೆಟ್ ತೆರೆದು ಮುಚ್ಚಬೇಕು, ಇಲ್ಲವಾದರೆ ತೆಗೆದುಕೊಂಡ ಸಮಯವೇ ಗುಟ್ಟು ಬಿಟ್ಟುಕೊಡುತ್ತದೆ. ಇಟ್ಟವರು ಇನ್ನೊಂದು ಬಾಗಿಲಿಂದ ಹೊರಟುಹೋಗಬೇಕು. ಕವೆಗೋಲಿನವರ ಜೊತೆ ನಡೆಯುವ ಎರಡನೇ ತಂಡಕ್ಕೆ ನೀರು ಎಲ್ಲಿದೆ ಎಂಬುದೇ ತಿಳಿದಿರಬಾರದು. ತಿಳಿದವರ ಮುಖ ಸುಮ್ಮನಿರುವುದಿಲ್ಲ. 1907ರಲ್ಲಿ ಜರ್ಮನಿಯಲ್ಲಿ ಲೆಕ್ಕ ಮಾಡುತ್ತದೆಂದು ಹೆಸರಾಗಿದ್ದ ಹ್ಯಾನ್ಸ್ ಎಂಬ ಕುದುರೆಯನ್ನು ಆಸ್ಕರ್ ಫುಂಗ್ಸ್ಟ್ ಪರೀಕ್ಷಿಸಿದಾಗ, ಉತ್ತರ ಬಂದ ಕ್ಷಣ ಪ್ರಶ್ನೆ ಕೇಳಿದವರ ತಲೆ ತಮಗೇ ಅರಿಯದಂತೆ ಚೂರು ಅಲುಗುವುದನ್ನು ನೋಡಿ ಅದು ಗೊರಸು ತಟ್ಟುವುದನ್ನು ನಿಲ್ಲಿಸುತ್ತಿತ್ತೆಂದು ತಿಳಿಯಿತು. ಕುದುರೆಗೆ ಕಂಡದ್ದು ಮನುಷ್ಯರಿಗೆ ಕಾಣದಿರುತ್ತದೆಯೇ?

ಪ್ರತಿ ಸುತ್ತಿನ ಉತ್ತರವನ್ನು ಬರೆದು ಸಹಿ ಮಾಡಿಸಿ, ಹತ್ತೂ ಸುತ್ತು ಮುಗಿದ ಮೇಲೆಯೇ ಸರಿ ತಪ್ಪು ನೋಡಬೇಕು. ನಡುನಡುವೆ ಫಲಿತಾಂಶ ಹೇಳಿದರೆ ಎಷ್ಟು ಕೆಡುತ್ತದೆ ಎಂಬುದಕ್ಕೆ ಮುಚ್ಚಿಟ್ಟ ಕಾರ್ಡು ಯಾವುದೆಂದು ಹೇಳಿಸಲು ಬಳಸುವ, ಐದು ಚಿಹ್ನೆಗಳ 25 ಕಾರ್ಡುಗಳ ಕಟ್ಟು ಒಳ್ಳೆಯ ಉದಾಹರಣೆ. ಪ್ರತಿ ಚಿಹ್ನೆಯೂ ಐದು ಸಲ ಇರುವ ಆ ಕಟ್ಟಿನಲ್ಲಿ ಬರೀ ಊಹೆಗೆ ಸರಾಸರಿ 5 ಸರಿ ಬರುತ್ತದೆ. ಆದರೆ ಪ್ರತಿ ಕಾರ್ಡನ್ನೂ ಆಗಿಂದಾಗ್ಗೆ ತೋರಿಸುತ್ತ ಹೋದರೆ, ಕಟ್ಟಿನಲ್ಲಿ ಯಾವುದು ಹೆಚ್ಚು ಉಳಿದಿದೆಯೋ ಅದನ್ನೇ ಹೇಳುತ್ತ ಹೋಗಿ ಸರಾಸರಿ 8.65ಕ್ಕೆ ಏರಬಹುದು. ಯಾವ ಅತೀಂದ್ರಿಯ ಶಕ್ತಿಯೂ ಬೇಕಿಲ್ಲ, ಎಣಿಕೆ ನೆನಪಿದ್ದರೆ ಸಾಕು.

ಆರು ಸಲ ಎಂಬ ಗೆರೆ ಏಕೆ ಎಂದರೆ, ಹತ್ತರಲ್ಲಿ ಒಂದು ಸಾಧ್ಯತೆಯ ಹತ್ತು ಸುತ್ತಿನಲ್ಲಿ ಕನಿಷ್ಠ ಒಂದಾದರೂ ಸರಿಯಾಗುವ ಸಂಭವ ನೂರಕ್ಕೆ 65. ಮೂರು ಅಥವಾ ಹೆಚ್ಚು ಸರಿಯಾಗುವ ಸಂಭವ ನೂರಕ್ಕೆ 7. ಐದು ಅಥವಾ ಹೆಚ್ಚಾದರೆ ಸುಮಾರು 600ಕ್ಕೆ ಒಂದು, ಆರು ಅಥವಾ ಹೆಚ್ಚಾದರೆ ಸುಮಾರು 6,800ಕ್ಕೆ ಒಂದು. ಗೆರೆಯನ್ನು ಮೊದಲೇ ಎಳೆಯದೆ, ಮೂರು ಸರಿಯಾದ ಮೇಲೆ ‘ನೋಡಿ, ಊಹೆಗಿಂತ ಮೂರು ಪಟ್ಟು’ ಎಂದರೆ ನೂರು ಜನರಲ್ಲಿ ಏಳು ಮಂದಿ ಪವಾಡಪುರುಷರಾಗಿಬಿಡುತ್ತಾರೆ. ಬಹಳ ಮಂದಿಯನ್ನು ಪರೀಕ್ಷಿಸುತ್ತ ಹೋದಂತೆ ಆರು ದಾಟುವವರು ಸಹ ಅದೃಷ್ಟದಿಂದಲೇ ಎಂದಾದರೊಂದು ದಿನ ಸಿಗುತ್ತಾರೆ. ರ‍್ಯಾಂಡಿಯ ಸವಾಲಿನಲ್ಲಿ ಪ್ರಾಥಮಿಕ, ಅಂತಿಮ ಎಂಬ ಎರಡು ಹಂತ ಇದ್ದದ್ದು ಈ ಕಾರಣಕ್ಕೆ ತಕ್ಕದ್ದೇ. ಸುತ್ತುಗಳ ಸಂಖ್ಯೆಯೂ ಮೊದಲೇ ನಿಗದಿಯಾಗಬೇಕು; ‘ಇನ್ನೆರಡು ಸುತ್ತು ಕೊಡಿ’ ಎಂದು ಯಾರು ಕೇಳಿದರೂ, ಪರೀಕ್ಷಕರೇ ಆಸೆಪಟ್ಟರೂ, ಕೊಡಬಾರದು.

ಚಿತ್ರದ ಬಗ್ಗೆ ನನ್ನ ಮುಖ್ಯ ತಕರಾರು ಬೇರೆ ಇದೆ. ಅದನ್ನು ನೋಡಿದವರು ಶಕ್ತಿ ಇದೆ ಎನ್ನುವವರೆಲ್ಲ ಮೋಸಗಾರರು ಎಂದುಕೊಂಡು ಏಳುತ್ತಾರೆ. ಕವೆಗೋಲು ಹಿಡಿಯುವವರಲ್ಲಿ ಹೆಚ್ಚಿನವರು ಪ್ರಾಮಾಣಿಕರು. ಕೋಲು ತಾನಾಗಿ ಬಾಗಿತು ಎಂದು ಅವರಿಗೆ ನಿಜಕ್ಕೂ ಅನ್ನಿಸುತ್ತದೆ. ಎಳೆದು ಹಿಡಿದ ಕವೆ ಅಸ್ಥಿರ ಸ್ಥಿತಿಯಲ್ಲಿರುತ್ತದೆ, ಮಣಿಕಟ್ಟು ಗೊತ್ತಾಗದಷ್ಟು ತಿರುಗಿದರೂ ಅದು ಜೋರಾಗಿ ಕೆಳಗೆ ಬೀಳುತ್ತದೆ. ಎಲ್ಲಿ ಬೀಳಬೇಕೆಂಬ ನಿರೀಕ್ಷೆಯೇ ಮಣಿಕಟ್ಟನ್ನು ತಿರುಗಿಸುತ್ತದೆ. ಮೈಕೆಲ್ ಫ್ಯಾರಡೆ 1853ರಲ್ಲಿ ಇದನ್ನು ಎಷ್ಟು ಸೊಗಸಾಗಿ ತೋರಿಸಿದರೆಂದರೆ, ಆ ಪ್ರಯೋಗ ಪ್ರತಿ ಶಾಲೆಯಲ್ಲೂ ನಡೆಯಬೇಕು. ಆತ್ಮಗಳ ಬಲದಿಂದ ಮೇಜು ತಿರುಗುತ್ತದೆ ಎಂದು ಜನ ಸುತ್ತ ಕೂತು ಅಂಗೈ ಇಡುತ್ತಿದ್ದ ಕಾಲ ಅದು. ಫ್ಯಾರಡೆ ಕೈಗಳಿಗೂ ಮೇಜಿಗೂ ನಡುವೆ ರಟ್ಟಿನ ಹಾಳೆಗಳನ್ನು, ಮೆತ್ತಗಿನ ಅಂಟಿನಿಂದ ಒಂದರ ಮೇಲೊಂದು ಕೂರಿಸಿ ಇಟ್ಟರು. ಮೇಜು ತಾನೇ ತಿರುಗಿದರೆ ಕೆಳಗಿನ ಹಾಳೆ ಮುಂದೆ ಹೋಗಿ ಮೇಲಿನದು ಹಿಂದೆ ಉಳಿಯಬೇಕು. ಆದದ್ದು ತಿರುಗಾಮುರುಗಾ: ಮೇಲಿನ ಹಾಳೆಗಳೇ ಮುಂದೆ ಸರಿದಿದ್ದವು. ಆಮೇಲೆ ಕೈ ಪಕ್ಕಕ್ಕೆ ತಳ್ಳಿದ ಕೂಡಲೇ ಅಲುಗುವ ಒಂದು ಉದ್ದನೆಯ ಕಡ್ಡಿಯನ್ನು ಕೂತವರಿಗೆ ಕಾಣುವಂತೆ ಜೋಡಿಸಿದರು. ತಮ್ಮ ಕೈ ತಳ್ಳುತ್ತಿರುವುದು ತಮಗೇ ಕಂಡ ಮೇಲೆ ಮೇಜು ತಿರುಗುವುದೇ ನಿಂತಿತು. ಯಾರನ್ನೂ ಸುಳ್ಳುಗಾರ ಎನ್ನಬೇಕಾಗಲಿಲ್ಲ.

ವಿಜ್ಞಾನಿಗಳೂ ಇದಕ್ಕೆ ಹೊರತಲ್ಲ. 1988ರಲ್ಲಿ ‘ನೇಚರ್’ ಪತ್ರಿಕೆ, ಒಂದು ಅಣುವೂ ಉಳಿಯದಷ್ಟು ತೆಳು ಮಾಡಿದ ದ್ರಾವಣವೂ ರಕ್ತಕಣಗಳ ಮೇಲೆ ಪರಿಣಾಮ ಬೀರುತ್ತದೆ ಎಂಬ ಜಾಕ್ ಬೆನ್ವೆನಿಸ್ಟ್ ಅವರ ಪ್ರಬಂಧವನ್ನು ಪ್ರಕಟಿಸಿ, ತನ್ನ ಸಂಪಾದಕ ಜಾನ್ ಮ್ಯಾಡಾಕ್ಸ್, ವಾಲ್ಟರ್ ಸ್ಟೂವರ್ಟ್ ಮತ್ತು ರ‍್ಯಾಂಡಿ ಅವರನ್ನು ಪ್ಯಾರಿಸ್ ಬಳಿಯ ಆ ಪ್ರಯೋಗಾಲಯಕ್ಕೆ ಕಳಿಸಿತು. ಯಾವ ನಳಿಕೆಯಲ್ಲಿ ಏನಿದೆ ಎಂಬ ಸಂಕೇತದ ಹಾಳೆಯನ್ನು ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ, ಲಕೋಟೆಗೆ ಹಾಕಿ ಮುಚ್ಚಿ, ಪ್ರಯೋಗಾಲಯದ ಚಾವಣಿಗೆ ಅಂಟಿಸಿದರು. ಎಲ್ಲರ ಕಣ್ಣಿಗೂ ಕಾಣುತ್ತದೆ, ಯಾರ ಕೈಗೂ ಸದ್ದಿಲ್ಲದೆ ಸಿಗುವುದಿಲ್ಲ. ಸೂಕ್ಷ್ಮದರ್ಶಕದಲ್ಲಿ ಕಣ ಎಣಿಸುವವರಿಗೆ ತಾವು ಎಣಿಸುತ್ತಿರುವುದು ಯಾವುದು ಎಂದು ತಿಳಿಯದಂತಾದ ಮೇಲೆ ಪರಿಣಾಮ ಮಾಯವಾಯಿತು. ಬಣ್ಣ ಹಿಡಿದ ಕಣವೋ ಅಲ್ಲವೋ ಎಂಬ ಅನುಮಾನ ಬಂದಾಗಲೆಲ್ಲ ನಿರೀಕ್ಷೆ ಒಂದು ಕಡೆಗೆ ವಾಲಿಸುತ್ತದೆ, ನೂರಾರು ಕಣಗಳಲ್ಲಿ ಅದು ಕೂಡಿಕೊಂಡು ಫಲಿತಾಂಶವಾಗಿಬಿಡುತ್ತದೆ.

ಈಗ ಪತ್ರಿಕೆಗಳ ಮಾತು. ಪೀಟರ್ ಪೊಪೊಫ್ ಎಂಬ ಪ್ರಚಾರಕ ಸಭೆಯಲ್ಲಿದ್ದ ಅಪರಿಚಿತರ ಹೆಸರು, ಕಾಯಿಲೆ, ವಿಳಾಸ ಹೇಳಿ ವಾಸಿ ಮಾಡುತ್ತೇನೆ ಎನ್ನುತ್ತಿದ್ದ. 1986ರಲ್ಲಿ ರ‍್ಯಾಂಡಿಯ ತಂಡ ರೇಡಿಯೊ ಸ್ಕ್ಯಾನರ್ ಹಿಡಿದು ಹೋಗಿ, 39.17 ಮೆಗಾಹರ್ಟ್ಸ್‌ನಲ್ಲಿ ಆತನ ಹೆಂಡತಿ ಜನ ಬರೆದುಕೊಟ್ಟ ಪ್ರಾರ್ಥನೆಯ ಚೀಟಿಗಳನ್ನು ಆತನ ಕಿವಿಗೆ ಓದಿ ಹೇಳುತ್ತಿದ್ದುದನ್ನು ಹಿಡಿಯಿತು. ಧ್ವನಿ ಒಂದೇ ಇದ್ದಿದ್ದರೆ ಯಾರದೋ ಮಾತು ಎನ್ನಬಹುದಿತ್ತು. ಅದೇ ಸಭೆಯ ವಿಡಿಯೊಗೆ ಆ ಧ್ವನಿಯನ್ನು ಹೊಂದಿಸಿದಾಗ, ಮೊದಲು ಕಿವಿಗೆ ಬಿದ್ದ ಹೆಸರನ್ನು ಆತ ಮರುಕ್ಷಣ ಕೂಗುವುದು ಕಂಡಿತು. ಮರುವರ್ಷ ದಿವಾಳಿ ಅರ್ಜಿ ಹಾಕಿದ ಪೊಪೊಫ್, ಕೆಲವೇ ವರ್ಷಗಳಲ್ಲಿ ಟಿ.ವಿ.ಗೆ ಮರಳಿದ. ಬಯಲು ಮಾಡಿದ ಸುದ್ದಿ ಒಮ್ಮೆ ಬಂದು ಹೋಗುತ್ತದೆ, ಹಣ ಕೊಟ್ಟು ಹಾಕಿಸುವ ಪ್ರಚಾರ ದಿನವೂ ಬರುತ್ತದೆ.

1988ರಲ್ಲಿ ಆಸ್ಟ್ರೇಲಿಯಾದಲ್ಲಿ ‘ಕಾರ್ಲೋಸ್’ ಎಂಬ ಪುರಾತನ ಆತ್ಮ ತನ್ನ ಮೈಮೇಲೆ ಬರುತ್ತದೆಂದು ಹೇಳಿಕೊಳ್ಳಲು, ಪತ್ರಕರ್ತರು ಎಷ್ಟು ಪರಿಶೀಲಿಸುತ್ತಾರೆಂದು ನೋಡಲು, ಒಬ್ಬ ಯುವಕನನ್ನು ರ‍್ಯಾಂಡಿ ಕಳಿಸಿದ್ದರು. ಆತ್ಮ ಬಂದಾಗ ನಾಡಿಯೇ ನಿಲ್ಲುತ್ತಿತ್ತು. ಕಂಕುಳಲ್ಲಿ ಇಟ್ಟ ಸಣ್ಣ ಚೆಂಡನ್ನು ತೋಳಿನಿಂದ ಒತ್ತಿದರೆ ಮಣಿಕಟ್ಟಿನ ನಾಡಿ ಸಿಗುವುದಿಲ್ಲ, ಎದೆಬಡಿತ ಎಂದಿನಂತೆ ನಡೆಯುತ್ತಿರುತ್ತದೆ. ಪತ್ರಕರ್ತರಿಗೆ ಕಳಿಸಿದ್ದ ಕಡತದಲ್ಲಿದ್ದ ಅಮೆರಿಕದ ಪತ್ರಿಕಾ ತುಣುಕುಗಳು ಕಟ್ಟುಕತೆ. ಕೆಲವು ವರದಿಗಾರರು ಸಂದೇಹದಿಂದಲೇ ಮಾತಾಡಿದ್ದರು ನಿಜ, ಆದರೆ ಒಂದು ದೂರದ ಫೋನ್ ಕರೆಯಲ್ಲಿ ತಿಳಿಯಬಹುದಾಗಿದ್ದನ್ನು ತಿಳಿಯಲಿಲ್ಲ ಎಂಬುದೇ ರ‍್ಯಾಂಡಿಯ ದೂರು.

ಆದ್ದರಿಂದ ಕೋರಿಕೆ ಇಷ್ಟು. ಯಾರಿಗೋ ಅಸಾಮಾನ್ಯ ಶಕ್ತಿ ಇದೆ ಎಂಬ ಸುದ್ದಿ ಬಂದಾಗ ವರದಿಯಲ್ಲಿ ಈ ವಿವರಗಳು ಇರಲಿ: ವಸ್ತುಗಳು ಯಾರವು, ಮುಂಚೆ ಯಾರ ಕೈಯಲ್ಲಿದ್ದವು, ಉತ್ತರ ತಿಳಿದವರು ಅದೇ ಜಾಗದಲ್ಲಿದ್ದರೇ, ಎಷ್ಟು ಸಲ ಪ್ರಯತ್ನಿಸಿದರು, ಅದರಲ್ಲಿ ಎಷ್ಟು ತಪ್ಪಿತು, ಗೆಲುವಿನ ಗೆರೆಯನ್ನು ಯಾವಾಗ ಎಳೆದರು, ಹಿಂದಿನ ಸಾಧನೆಗಳೆಂದು ಹೇಳಿಕೊಂಡವನ್ನು ವರದಿಗಾರರು ಫೋನ್ ಮಾಡಿ ಕೇಳಿದರೇ. ಉತ್ತರ ಸಿಗದಿದ್ದರೆ ಸಿಗಲಿಲ್ಲ ಎಂದೇ ಬರೆಯಲಿ. ಬಯಲಾದ ಮೇಲೆ, ಅವರು ಮತ್ತೆ ವೇದಿಕೆಗೆ ಬಂದ ದಿನ ಹಳೆಯ ವರದಿಯನ್ನು ಅಷ್ಟೇ ದೊಡ್ಡ ಅಕ್ಷರದಲ್ಲಿ ಇನ್ನೊಮ್ಮೆ ಅಚ್ಚು ಹಾಕಿ.

ಪತ್ರ ಉದ್ದವಾಗಿದೆ. ಜಾಗ ಸಾಲದಿದ್ದರೆ ಗೆಲ್ಲರ್, ಪೊಪೊಫ್ ಭಾಗಗಳನ್ನು ಕತ್ತರಿಸಿ. ಹತ್ತು ಬಕೆಟ್‌ಗಳ ಪರೀಕ್ಷೆಯನ್ನು ಮಾತ್ರ ದಯವಿಟ್ಟು ಪೂರ್ತಿ ಪ್ರಕಟಿಸಿ.

ಇಂತಿ,
ನಿಮ್ಮ ಓದುಗ